ನುಡಿ ಕಡತದಿಂದ ಪಿಡಿಎಫ್‌ವರೆಗೆ: ಒಂದು ಕನ್ನಡ ಕೈಪಿಡಿಯ ಕೆಲಸ

ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರಲ್ಲಿ ನಾನು ಕೈಪಿಡಿ ಬರೆಯುತ್ತೇನೆ. ಆಫೀಸು ಪುಣೆಯ ಬಾಣೇರ್‌ನಲ್ಲಿ. ಗಿರಾಕಿಗಳಲ್ಲಿ ಕೆಲವರು ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರದವರು. ಉಳಿದವರು ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಇಂಡಿ ಕಡೆಯವರು. ಹಾಗಾಗಿ ಕೈಪಿಡಿ ಮರಾಠಿಯಲ್ಲೂ ಬೇಕು, ಕನ್ನಡದಲ್ಲೂ ಬೇಕು. ನಾನು ವಿಜಯಪುರದವಳು. ಕನ್ನಡದ್ದು ನನ್ನ ಪಾಲಿಗೆ ಬಂತು.

ಕಳೆದ ವರ್ಷ ಎಲ್ಲ ಕೈಪಿಡಿಗಳನ್ನೂ ಮಾರ್ಕ್‌ಡೌನ್‌ಗೆ, ಅಂದರೆ ಸರಳ ಗುರುತುಗಳಿರುವ ಸಾದಾ ಪಠ್ಯಕ್ಕೆ, ತರೋಣ ಅಂತ ತೀರ್ಮಾನವಾಯಿತು. ಮೂಲ ಒಂದೇ ಇರಬೇಕು. ಅದರಿಂದಲೇ ಬ್ರೌಸರ್‌ನಲ್ಲಿ ಓದುವ ಸಹಾಯ ಪುಟ, ಪ್ರಿಂಟ್ ಹಾಕಲು ಪಿಡಿಎಫ್, ತಿದ್ದುಪಡಿಗೆ ವರ್ಡ್ ಕಡತ ಮೂರೂ ಹೊರಬರಬೇಕು. ಒಂದು ಬಗೆಯ ಕಡತವನ್ನು ಇನ್ನೊಂದಕ್ಕೆ ಬದಲಿಸಲು ಪ್ಯಾಂಡಾಕ್ ಅನ್ನುವ ಪ್ರೋಗ್ರಾಂ. ಇಂಗ್ಲಿಷ್ ಕೈಪಿಡಿ ಸಲೀಸಾಗಿ ಮುಗಿಯಿತು. ಕನ್ನಡದ್ದು ಮಾತ್ರ ಪ್ರತಿ ಮೆಟ್ಟಿಲಲ್ಲೂ ಒಂದೊಂದು ರೀತಿ ಒಡೆಯಿತು. ಈ ಕೆಲಸಕ್ಕೆ ಇಳಿಯುವ ಇನ್ನೊಬ್ಬರಿಗೆ ಉಪಯೋಗವಾಗಲಿ ಅಂತ ಎಲ್ಲಿ ಏನು ಒಡೆಯಿತು, ಯಾಕೆ ಒಡೆಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಹಳೆಯ ಕೈಪಿಡಿ ಇದ್ದದ್ದು ನುಡಿ ಫಾಂಟಿನಲ್ಲಿ. ಆಗ ಅದೇ ಸರಿಯಾದ ದಾರಿ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂತು, ಅದರಲ್ಲೇ ಕನ್ನಡವೂ ಇತ್ತು. ಆದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಅದು ಬರಲು ಬಹಳ ಕಾಲ ಹಿಡಿಯಿತು. ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಬಂದದ್ದೇ 2001ರಲ್ಲಿ, ಎಕ್ಸ್‌ಪಿ ಜೊತೆ. ಅಲ್ಲಿಯವರೆಗೆ, ಅದಾದ ಮೇಲೂ ಎಷ್ಟೋ ವರ್ಷ, ಕನ್ನಡದ ಕೆಲಸ ನಡೆಸಿದ್ದು ಬರಹ, ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ ಅನ್ನುವ ಸಾಫ್ಟ್‌ವೇರ್‌ಗಳು. ಶ್ರೀಲಿಪಿ ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಇದೇ ಪುಣೆಯದು. ಇವು ಇಲ್ಲದಿದ್ದರೆ ನಮ್ಮ ಹಳೆ ಕೈಪಿಡಿಯೇ ಇರುತ್ತಿರಲಿಲ್ಲ.

ಈ ಹಳೆ ಫಾಂಟ್‌ಗಳು ಕೆಲಸ ಮಾಡುವ ರೀತಿ ಬೇರೆ. ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಫಾಂಟ್ ಅವುಗಳಿಗೆ ಕನ್ನಡದ ಚೂರುಗಳ ಆಕಾರ ತೊಡಿಸುತ್ತದೆ. ‘ಕನ್ನಡ’ ಅನ್ನುವ ಪದವನ್ನೇ ನೋಡಿ. ನುಡಿ ಕಡತದಲ್ಲಿ ಅದು ಏಳು ಗುರುತು: ದೊಡ್ಡ ಪಿ, ತಲೆ ಮೇಲೆ ಓರೆ ಗೀಟು ಇರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಎಸ್, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಮೂರು ಸಲ ಬಂದ ಆ ಎ ಅನ್ನುವುದೇ ತಲೆಕಟ್ಟು. ಜರ್ಮನ್ ಎಸ್ ಅನ್ನುವುದು ನ ಒತ್ತು. ಯೂನಿಕೋಡ್‌ನಲ್ಲಿ ಇದೇ ಪದ ಐದು ಸಂಕೇತ: ಕ, ನ, ಹಲಂತ, ನ, ಡ. ಅಲ್ಲಿ ತಲೆಕಟ್ಟಿಗೆ ಬೇರೆ ಸಂಕೇತವೇ ಇಲ್ಲ.

ಪ್ಯಾಂಡಾಕ್ ವರ್ಡ್ ಕಡತ ಓದುವಾಗ ಫಾಂಟಿನ ಹೆಸರನ್ನು ಕೈಬಿಡುತ್ತದೆ. ಶೀರ್ಷಿಕೆ, ಪಟ್ಟಿ, ಕೋಷ್ಟಕ ಇಂಥ ರಚನೆ ಮಾತ್ರ ಇಟ್ಟುಕೊಳ್ಳುವುದು ಅದರ ಪದ್ಧತಿ. ಇಂಗ್ಲಿಷಿಗೆ ಅದರಿಂದ ಏನೂ ತೊಂದರೆಯಿಲ್ಲ. ನುಡಿ ಕಡತದಲ್ಲಿ ಫಾಂಟಿನ ಹೆಸರು ಹೋದರೆ ಭಾಷೆಯೇ ಹೋಯಿತು. ಆದ್ದರಿಂದ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ವರ್ಡ್ ಒಳಗೇ ಯೂನಿಕೋಡ್‌ಗೆ ತರಬೇಕು, ಆಮೇಲೆ ಪ್ಯಾಂಡಾಕ್‌ಗೆ ಕೊಡಬೇಕು.

ಇಡೀ ಪುಟವನ್ನು ಎತ್ತಿ, ನುಡಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕಕ್ಕೆ ಹಾಕುವಂತೆಯೂ ಇಲ್ಲ. ಸಾಫ್ಟ್‌ವೇರ್ ಕೈಪಿಡಿಯಲ್ಲಿ ಪ್ರತಿ ಸಾಲಿಗೂ ಒಂದು ಇಂಗ್ಲಿಷ್ ಪದ ಇರುತ್ತದೆ: ಮೆನುವಿನ ಹೆಸರು, ಬಟನ್ ಮೇಲಿನ ಅಕ್ಷರ, ಫೈಲಿನ ಹೆಸರು. ಪರಿವರ್ತಕದ ಕಣ್ಣಿಗೆ ಅದೂ ನುಡಿ ಅಕ್ಷರವೇ. ‘ಸೇವ್’ ಅನ್ನುವ ಇಂಗ್ಲಿಷ್ ಬಟನ್ ಹೆಸರು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಕಥೆ ಪುಸ್ತಕಕ್ಕೆ ಈ ಕಾಟ ಕಡಿಮೆ, ನಮಗೆ ಪ್ರತಿ ಪುಟದಲ್ಲೂ ಇತ್ತು. ಹಾಗಾಗಿ ವಾಕ್ಯವನ್ನು ತುಂಡು ತುಂಡಾಗಿ ಓದಿ, ‘ನುಡಿ 01 ಇ’ ಫಾಂಟ್ ಇರುವ ತುಂಡನ್ನು ಮಾತ್ರ ಬದಲಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆವು. ಅಲ್ಲೂ ಒಂದು ತೊಡಕು. ಎಷ್ಟೋ ತುಂಡುಗಳಿಗೆ ಫಾಂಟಿನ ಹೆಸರೇ ಇರಲಿಲ್ಲ, ಅದು ಸ್ಟೈಲ್‌ನಿಂದ ಇಳಿದು ಬಂದಿತ್ತು. ತುಂಡಿನಲ್ಲಿ ಸಿಗದಿದ್ದರೆ ಸ್ಟೈಲ್‌ನಲ್ಲಿ ನೋಡು, ಅಲ್ಲೂ ಇಲ್ಲದಿದ್ದರೆ ಆ ಸ್ಟೈಲ್‌ಗೆ ಆಧಾರವಾದ ಸ್ಟೈಲ್‌ನಲ್ಲಿ ನೋಡು ಅಂತ ಹೇಳಿಕೊಡಬೇಕಾಯಿತು.

ಇನ್ನು ಅರ್ಕಾವೊತ್ತು. ‘ಖರ್ಚು’ ಬರೆಯುವಾಗ ನಾವು ಉಚ್ಚರಿಸುವುದು ಮೊದಲು ರ್, ಆಮೇಲೆ ಚು. ಯೂನಿಕೋಡ್ ಕೂಡ ಅದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಹಳೆ ಫಾಂಟ್ ಮಾತ್ರ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ: ಖ, ಚು, ಕೊನೆಗೆ ಅರ್ಕಾವೊತ್ತು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಖಚುರ್’ ಆಗುತ್ತದೆ. ‘ವಾರ್ಷಿಕ’ ಹೋಗಿ ‘ವಾಷಿರ್ಕ’, ‘ಸರ್ವರ್’ ಹೋಗಿ ‘ಸವರ್ರ್’. ಇಂಥ ಪದಗಳನ್ನು ನೀವೂ ಎಲ್ಲಾದರೂ ಓದಿರುತ್ತೀರಿ, ಅಲ್ವಾ? ಅವೆಲ್ಲ ಹುಟ್ಟುವುದು ಇಲ್ಲೇ. ಅರ್ಕಾವೊತ್ತನ್ನು ಅದರ ಹಿಂದಿನ ಇಡೀ ಅಕ್ಷರಗುಚ್ಛದ ಆಚೆಗೆ, ಒತ್ತು ಕಾಗುಣಿತ ಸಮೇತ ದಾಟಿಸಿ ಇಡಬೇಕು. ಒಂದೇ ಸಂಕೇತದಷ್ಟು ಹಿಂದೆ ಸರಿಸಿದರೆ ಸಾಲದು.

ಯೂನಿಕೋಡ್ ಆದ ಮೇಲೆ ನಿರಾಳ ಅಂದುಕೊಂಡಿರುವಾಗ ಬಿಲ್ಡ್ ಯಂತ್ರದಲ್ಲಿ, ಅಂದರೆ ಮೂಲದಿಂದ ಎಲ್ಲ ಪುಟಗಳನ್ನೂ ತಾನಾಗಿ ತಯಾರಿಸುವ ಕಂಪ್ಯೂಟರ್‌ನಲ್ಲಿ, ಕೆಲಸ ನಿಂತಿತು. ಕೆಲವು ಪುಟ ಪಾಸಾಗುತ್ತಿತ್ತು, ಆದರೆ ಕನ್ನಡ ಇರಬೇಕಾದಲ್ಲಿ ಕಸ ಬರುತ್ತಿತ್ತು. ಬಹಳಷ್ಟು ಪುಟಗಳಲ್ಲಿ ‘ಈ ಬೈಟ್ ಓದಲಾಗದು’ ಅಂತ ದೂರು ಹೇಳಿ ನಿಲ್ಲುತ್ತಿತ್ತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನನಗೆ ಈ ಇಡೀ ಕೆಲಸದಲ್ಲೇ ಬಹಳ ಇಷ್ಟವಾದ ಲೆಕ್ಕ.

ಯೂನಿಕೋಡ್ ಸಂಕೇತಗಳನ್ನು ಕಡತದಲ್ಲಿ ಬೈಟ್‌ಗಳಾಗಿ ಇಡುವ ಯುಟಿಎಫ್-8 ಬರವಣಿಗೆಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಹದಿನಾರರ ಲೆಕ್ಕದಲ್ಲಿ ಬರೆದರೆ ‘ಕ’ ಅಂದರೆ ಇ0, ಬಿ2, 95. ವಿಂಡೋಸ್ ಯಂತ್ರದಲ್ಲಿ ನಮ್ಮ ಪೈಥಾನ್ ಪ್ರೋಗ್ರಾಂ ಕಡತವನ್ನು ಯುಟಿಎಫ್-8 ಅಂತ ತಿಳಿಯದೆ 1252 ಅನ್ನುವ ಹಳೆ ಕೋಡ್‌ಪೇಜಿನಲ್ಲಿ, ಅಂದರೆ ಒಂದು ಬೈಟ್‌ಗೆ ಒಂದು ಅಕ್ಷರ ಅನ್ನುವ ಪಟ್ಟಿಯಲ್ಲಿ, ಓದುತ್ತಿತ್ತು. ಯಾವುದರಲ್ಲಿ ಓದಬೇಕು ಅಂತ ಹೇಳದಿದ್ದರೆ ಅದು ಯಂತ್ರದ ರೂಢಿಯನ್ನೇ ಹಿಡಿಯುತ್ತದೆ. ಆಗ ‘ಕ’ ಮೂರು ಚೂರಾಗಿ ಕಾಣುತ್ತದೆ: ಗೀಟಿನ ಚಿಕ್ಕ ಎ, ಮೇಲಕ್ಕೆ ಎತ್ತಿದ ಪುಟ್ಟ 2, ಒಂದು ಕಪ್ಪು ಬೊಟ್ಟು. ಇದು ಕಸ ಬಂದ ಪುಟಗಳ ಕಥೆ.

ನಿಂತ ಪುಟಗಳದ್ದು ಬೇರೆ. 1252ರಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ನಮ್ಮ ಹಲಂತದ ಕೊನೆಯ ಬೈಟ್ 8ಡಿ. ಉಕಾರದ ಕೊಂಬಿನದು 81. ಏ, ಐ, ಝ ಉಳಿದ ಮೂರು. ಅಂದರೆ ಒತ್ತಕ್ಷರ ಬಂದ ಕಡೆ ನಿಲ್ಲುತ್ತದೆ, ‘ಉ’ ಕಾಗುಣಿತ ಬಂದ ಕಡೆ ನಿಲ್ಲುತ್ತದೆ. ಕನ್ನಡದಲ್ಲಿ ಇವೆರಡೂ ಇಲ್ಲದ ಸಾಲು ಎಷ್ಟು ಸಿಗುತ್ತದೆ ಹೇಳಿ? ‘ಬಡ್ಡಿ’ಗೆ ನಿಲ್ಲುತ್ತಿತ್ತು, ‘ಸಾಲ’ಕ್ಕೆ ನಿಲ್ಲುತ್ತಿರಲಿಲ್ಲ. ‘ಠೇವಣಿ’ ದಾಟುತ್ತಿತ್ತು, ‘ಠೇವಣಿದಾರರು’ ದಾಟುತ್ತಿರಲಿಲ್ಲ. ಇದು ಗೊತ್ತಾದ ಮೇಲೆ ದೂರಿನ ಸಾಲು ನೋಡಿದ ಕೂಡಲೇ ಎಲ್ಲಿ ಏನಾಗಿದೆ ಅಂತ ಹೇಳಬಹುದಾಯಿತು. ಪರಿಹಾರ ಸುಲಭ. ಕಡತ ತೆರೆಯುವ ಪ್ರತಿ ಕಡೆ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕು. ಪೈಥಾನ್ 3.7ರಿಂದ ಎಲ್ಲಕ್ಕೂ ಒಂದೇ ಸಲ ಹೇಳುವ ಯುಟಿಎಫ್-8 ಮೋಡ್ ಕೂಡ ಇದೆ.

ಮುಂದಿನ ಮೆಟ್ಟಿಲು ನನ್ನನ್ನು ಬಹಳ ಕಾಡಿತು. ಬ್ರೌಸರ್‌ನಲ್ಲಿ ಪುಟ ಚೆನ್ನಾಗಿಯೇ ಬಂತು. ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಇಲ್ಲ, ಕಸ ಇಲ್ಲ. ಓದಲು ಕೂತರೆ ಮಾತ್ರ ನಾಲಿಗೆ ತೊಡರುತ್ತಿತ್ತು. ‘ಸಾಫ್ಟ್‌ವೇರ್’ ಇದ್ದದ್ದು ‘ಸಾಫ್ಟ್ವೇರ್’ ಆಗಿತ್ತು. ‘ಪಾಸ್‌ವರ್ಡ್’ ಹೋಗಿ ‘ಪಾಸ್ವರ್ಡ್’. ‘ಡೌನ್‌ಲೋಡ್’ ಹೋಗಿ ‘ಡೌನ್ಲೋಡ್’. ಕಂಪ್ಯೂಟರ್ ಮೆಮೊರಿಯ ‘ರ‍್ಯಾಮ್’ ಅಂತೂ ‘ರ್ಯಾಮ್’ ಆಗಿ, ಯಾ ಮೇಲೆ ಅರ್ಕಾವೊತ್ತು ಕೂತಿತ್ತು.

ಇವುಗಳ ಮಧ್ಯೆ ಕಣ್ಣಿಗೆ ಕಾಣದ ಎರಡು ಸಂಕೇತಗಳು ಇರುತ್ತವೆ. ಒಂದು ಅಕ್ಷರಗಳನ್ನು ಕೂಡದಂತೆ ತಡೆಯುವುದು, ಇನ್ನೊಂದು ಕೂಡಿಸುವುದು. ‘ಸಾಫ್ಟ್’ ಆದ ಮೇಲೆ ತಡೆ ಇದ್ದರೆ ‘ವೇ’ ಬೇರೆಯಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಫ, ಟ, ವ ಮೂರೂ ಒಂದರ ಕೆಳಗೊಂದು ಪೇರಿಸಿಕೊಳ್ಳುತ್ತವೆ. ‘ರ‍್ಯಾ’ದಲ್ಲಿ ರ ಮತ್ತು ಹಲಂತದ ನಡುವೆ ಕೂಡಿಸುವ ಸಂಕೇತ ಇದ್ದರೆ ಮಾತ್ರ ರ ಪೂರ್ತಿಯಾಗಿ ಉಳಿದು ಯ ಒತ್ತಾಗುತ್ತದೆ. ಹಳಗನ್ನಡದಿಂದ ಬಂದ ಪದಗಳಿಗೆ ಇವು ಅಷ್ಟಾಗಿ ಬೇಕಿಲ್ಲ. ಇಂಗ್ಲಿಷಿನಿಂದ ಬಂದ ಪದಗಳಿಗೆ, ಅವುಗಳಿಗೆ ವಿಭಕ್ತಿ ಹಚ್ಚುವಾಗ, ಇವಿಲ್ಲದೆ ಆಗುವುದೇ ಇಲ್ಲ. ‘ಪಿಡಿಎಫ್‌ನಲ್ಲಿ’, ‘ಸರ್ವರ್‌ಗೆ’, ‘ಪ್ರಿಂಟರ್‌ನಿಂದ’. ಸಾಫ್ಟ್‌ವೇರ್ ಕೈಪಿಡಿ ಅಂದರೆ ಇಂಥ ಪದಗಳ ಸಂತೆ.

ಅವನ್ನು ತೆಗೆದದ್ದು ನಮ್ಮದೇ ಬಿಲ್ಡ್‌ನಲ್ಲಿದ್ದ ಒಂದು ಶುಚಿ ಮಾಡುವ ಹಂತ. ಅದನ್ನು ಬರೆದ ಮರಾಠಿ ಹುಡುಗನನ್ನು ಕೇಳಿದೆ. ಅವನ ಕಾರಣ ನ್ಯಾಯವಾಗಿತ್ತು. ಕಮಾಂಡ್ ಉದಾಹರಣೆಗಳಲ್ಲಿ ಕಾಣದ ಸಂಕೇತ ಸೇರಿಕೊಂಡರೆ ಗಿರಾಕಿ ಅದನ್ನು ಕಾಪಿ ಮಾಡಿದಾಗ ಕಮಾಂಡ್ ಓಡುವುದಿಲ್ಲ. ಹಾಗಾಗಿ ಯೂನಿಕೋಡ್ ‘ಫಾರ್ಮ್ಯಾಟ್’ ವರ್ಗದಲ್ಲಿ ಇಟ್ಟ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತಿದ್ದ. ನಮ್ಮ ಎರಡೂ ಸಂಕೇತಗಳು ಅದೇ ವರ್ಗದಲ್ಲಿವೆ.

“ಕಾಣುವುದೇ ಇಲ್ಲ ಅಂದ ಮೇಲೆ ಇದ್ದರೇನು ಬಿಟ್ಟರೇನು ತಾಈ?” ಅಂದ. ಮರಾಠಿ ಹುಡುಗರು ಅಕ್ಕನಿಗೆ ‘ತಾಈ’ ಅನ್ನುತ್ತಾರೆ. ನಾನು ಎರಡು ‘ರ‍್ಯಾಮ್’ಗಳನ್ನು ಪಕ್ಕಪಕ್ಕ ದೊಡ್ಡದು ಮಾಡಿ ತೋರಿಸಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಎರಡೂ ಬೇರೆ ಅಂತ ಕಂಡಿತು. ಕೂಡಲೇ ತನ್ನ ಮರಾಠಿ ಕಡತ ತೆಗೆದ. ಮರಾಠಿಯಲ್ಲಿ ‘ದುಸರ್‍ಯಾ’ ಥರದ ಪದಗಳಲ್ಲಿ ರ ಒಂದು ಅಡ್ಡ ಬಾಲದಂತೆ ಬರುತ್ತದೆ. ಕೂಡಿಸುವ ಸಂಕೇತ ಹಾಕಿ ಟೈಪ್ ಮಾಡಿದ್ದ ಕಡೆಯಲ್ಲೆಲ್ಲ ಅದು ಹೋಗಿ, ರ ತಲೆ ಮೇಲೆ ಏರಿ ಕೂತಿತ್ತು. ಅವತ್ತೇ ಆ ಹಂತವನ್ನು ಇಬ್ಬರೂ ಸೇರಿ ತಿದ್ದಿದೆವು. ಕಮಾಂಡ್ ಉದಾಹರಣೆ ಇರುವ ಕೋಡ್ ಬ್ಲಾಕ್ ಒಳಗೆ ಅಳಿಸಲಿ, ಓದುವ ಪಠ್ಯದಲ್ಲಿ ಈ ಎರಡನ್ನು ಮುಟ್ಟದಿರಲಿ. ಜೊತೆಗೆ ಒಂದು ಕಾವಲು ಇಟ್ಟೆವು. ಮೂಲದಲ್ಲಿ ಇವು ಎಷ್ಟಿವೆಯೋ ಹೊರಬಂದ ಪುಟದಲ್ಲೂ ಅಷ್ಟೇ ಇರಬೇಕು, ಕಡಿಮೆಯಾದರೆ ಬಿಲ್ಡ್ ನಿಲ್ಲಬೇಕು.

ವರ್ಡ್ ಕಡತದ್ದು ಸಣ್ಣ ಕಾಟ. ಭಾರತದ ಲಿಪಿಗಳನ್ನು ವರ್ಡ್ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಅಂತ ಬೇರೆ ಲೆಕ್ಕದಲ್ಲಿ ಇಡುತ್ತದೆ. ಅವುಗಳ ಫಾಂಟ್, ಅಳತೆ, ದಪ್ಪ ಮೂರೂ ಪ್ರತ್ಯೇಕ. ಇಂಗ್ಲಿಷಿಗೆ ಹೇಳಿದ ಅಳತೆ ಕನ್ನಡಕ್ಕೆ ತಾಗುವುದಿಲ್ಲ. ಮಾದರಿ ಕಡತದಲ್ಲಿ ಎರಡನ್ನೂ ಹೇಳಿಟ್ಟರೆ ಮುಗಿಯಿತು.

ಪಿಡಿಎಫ್‌ಗೆ ಪ್ಯಾಂಡಾಕ್ ಸುಮ್ನೆ ಬಿಟ್ಟರೆ, ಪುಟ ಜೋಡಿಸುವ ಲೇಟೆಕ್ ಬಳಗದ ಪಿಡಿಎಫ್‌ಲೇಟೆಕ್ ಅನ್ನುವ ಪ್ರೋಗ್ರಾಂ ಹಿಡಿಯುತ್ತದೆ. ಅದು ಮೊದಲ ಕನ್ನಡ ಅಕ್ಷರಕ್ಕೇ, ಇದಕ್ಕೆ ನನ್ನಲ್ಲಿ ವ್ಯವಸ್ಥೆಯಿಲ್ಲ ಅಂತ ನಿಲ್ಲುತ್ತದೆ. ನೇರ ಉತ್ತರ, ಒಳ್ಳೆಯದೇ. ಅದೇ ಬಳಗದ ಝೀಲೇಟೆಕ್‌ಗೆ ಬದಲಿಸಿದೆವು. ಅದು ನಿಲ್ಲಲಿಲ್ಲ, ಪಿಡಿಎಫ್ ಕೊಟ್ಟಿತು. ತೆರೆದರೆ ಇಂಗ್ಲಿಷ್ ಪದಗಳು ಅಲ್ಲಲ್ಲಿ, ಕನ್ನಡ ಇರಬೇಕಾದ ಜಾಗ ಪೂರ್ತಿ ಖಾಲಿ! ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಒಂದೊಂದು ಸಾಧನ ಒಂದೊಂದು ರೀತಿ ಮಾಡುತ್ತದೆ. ಬ್ರೌಸರ್ ಡಬ್ಬಿ ತೋರಿಸುತ್ತದೆ. ಪಿಡಿಎಫ್ ಮಾಡುವ ಇನ್ನೊಂದು ಹಳೆ ಸಾಧನ ಅಪಾಚೆ ಎಫ್‌ಒಪಿ ಅಕ್ಷರಕ್ಕೊಂದು # ಹಾಕುತ್ತದೆ. ಲೇಟೆಕ್ ಜಾಗ ಖಾಲಿ ಬಿಟ್ಟು, ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಮೂರರಲ್ಲಿ ಇದೇ ಅಪಾಯದ್ದು, ಯಾಕೆಂದರೆ ಒಂದೇ ಒಂದು ಅಕ್ಷರ ಬಿಟ್ಟಿದ್ದರೆ ಕಣ್ಣು ಅದನ್ನು ದಾಟಿ ಹೋಗುತ್ತದೆ.

ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆವು. ಅಕ್ಷರ ಬಂದವು, ಆದರೆ ಒಂದಕ್ಕೊಂದು ಕೂಡಲಿಲ್ಲ. ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲೇ ನಿಂತಿದ್ದವು. ಫಾಂಟ್ ಕೊಟ್ಟರೆ ಸಾಲದು, ಇದನ್ನು ಕನ್ನಡ ಲಿಪಿಯ ನಿಯಮದಂತೆ ಜೋಡಿಸು ಅಂತಲೂ ಹೇಳಬೇಕು. ‘ಸ್ಕ್ರಿಪ್ಟ್’ ಅನ್ನುವ ಪದವನ್ನೇ ಗಮನಿಸಿ. ಅದರ ಮೊದಲ ಗುಚ್ಛ ಸ, ಹಲಂತ, ಕ, ಹಲಂತ, ರ, ಕೊನೆಗೆ ಇಕಾರ. ಆದರೆ ಕಾಗದದ ಮೇಲೆ ಆ ಕೊನೆಯ ಇಕಾರ ಹೋಗಿ ಮೊದಲ ಸ ಮೇಲೆ ಕೂರಬೇಕು, ಕ ಅದರ ಕೆಳಗೆ, ರ ಒತ್ತು ಪಕ್ಕಕ್ಕೆ. ಝೀಲೇಟೆಕ್‌ನಲ್ಲಿ ಈ ಅದಲುಬದಲು ಮಾಡುವುದು ಅದರೊಳಗಿನ ಹಾರ್ಫ್‌ಬಜ್ ಅನ್ನುವ ಪ್ರೋಗ್ರಾಂ, ಫಾಂಟಿನಲ್ಲಿರುವ ಕನ್ನಡದ ನಿಯಮಗಳನ್ನು ಓದಿಕೊಂಡು. ಫಾಂಟ್ ಆಯ್ಕೆಯ ಜೊತೆ ಲಿಪಿ ಕನ್ನಡ ಅಂತ ಒಂದು ಪದ ಸೇರಿಸಿದ ಕೂಡಲೇ ಇಡೀ ಪುಟ ಸರಿಹೋಯಿತು.

ಕೋಡ್ ಬ್ಲಾಕ್‌ಗಳಲ್ಲಿ ಮಾತ್ರ ಖಾಲಿ ಉಳಿಯಿತು. ಅಲ್ಲಿನ ಸಮ ಅಗಲದ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ, ನಮ್ಮ ಉದಾಹರಣೆಗಳಲ್ಲಿ ಖಾತೆದಾರರ ಹೆಸರು ಕನ್ನಡದಲ್ಲಿತ್ತು. ಇದಕ್ಕಾಗಿ ಅದೇ ಬಳಗದ ಲುವಾಲೇಟೆಕ್‌ಗೆ ಹೋದೆವು. ಮೊದಲ ಫಾಂಟಿನಲ್ಲಿ ಸಿಗದ ಅಕ್ಷರಕ್ಕೆ ಎರಡನೆಯ ಫಾಂಟ್ ನೋಡು ಅಂತ ಅಲ್ಲಿ ಹೇಳಬಹುದು.

ಪಿಡಿಎಫ್ ಚಿಕ್ಕೋಡಿಯ ಸಂಘವೊಂದಕ್ಕೆ ಹೋಯಿತು. ಅಲ್ಲಿನ ಕಾರ್ಯದರ್ಶಿಗಳು ಫೋನ್ ಮಾಡಿದರು.

“ಮೇಡಮ್ರೀ, ಪಿಡಿಎಫ್‌ದಾಗ ಖರ್ಚು ಅಂತ ಹುಡುಕಿದ್ರ ಒಂದೂ ಸಿಗವಲ್ದು ನೋಡ್ರಿ. ಪುಟದ ಮ್ಯಾಲೆ ಮಾತ್ರ ಚಂದಂಗ ಕಾಣಾಕತ್ತೇತಿ.”

“ಸರ್ರ, ಆ ಪದಾನ ಕಾಪಿ ಮಾಡಿ ನನಗ ವಾಟ್ಸಾಪ್ ಮಾಡ್ರಿ.”

ಬಂದ ಮೆಸೇಜ್: ‘ಖಚುರ್’. ನುಡಿಯಿಂದ ತರುವಾಗ ತಿದ್ದಿದ್ದ ಅದೇ ಪದ, ಅದೇ ರೀತಿ ಮುರಿದು ವಾಪಸ್ ಬಂದಿತ್ತು.

ಪಿಡಿಎಫ್ ಒಳಗೆ ಇರುವುದು ಅಕ್ಷರಗಳ ಚಿತ್ರಗಳು, ಅವು ಕಾಣುವ ಕ್ರಮದಲ್ಲಿ. ಯಾವ ಚಿತ್ರ ಯಾವ ಅಕ್ಷರ ಅನ್ನುವ ಒಂದು ಪಟ್ಟಿ ಜೊತೆಗಿರುತ್ತದೆ. ಅರ್ಕಾವೊತ್ತಿನ ಚಿತ್ರ ಚು ಆದ ಮೇಲೆ ಇದೆ, ಪಟ್ಟಿಯಲ್ಲಿ ಅದು ರ್ ಅಂತಿದೆ. ಹಾಗಾಗಿ ಹುಡುಕುವ ಪ್ರೋಗ್ರಾಂಗೆ ಸಿಗುವುದು ಖಚುರ್. ಇದಕ್ಕೆ ಪಿಡಿಎಫ್‌ನಲ್ಲೇ ಒಂದು ವ್ಯವಸ್ಥೆ ಇದೆ: ಒಂದು ಗುಚ್ಛದ ಚಿತ್ರಗಳ ಜೊತೆ ಅದರ ನಿಜವಾದ ಪಠ್ಯವನ್ನೂ ಬರೆದಿಡುವುದು. ‘ಆ್ಯಕ್ಚುಯಲ್ ಟೆಕ್ಸ್ಟ್’ ಅಂತ ಹೆಸರು. ಝೀಲೇಟೆಕ್‌ನಲ್ಲಿ ಅದಕ್ಕೊಂದು ಸ್ವಿಚ್ ಇದೆ, ಲುವಾಲೇಟೆಕ್‌ನಲ್ಲಿ ಹಾರ್ಫ್‌ಬಜ್ ಮೂಲಕ ಜೋಡಿಸಿದರೆ ಸಿಗುತ್ತದೆ. ನಮ್ಮ ಕಡತಕ್ಕೆ ಪಠ್ಯದ ಮುಖ್ಯ ಫಾಂಟಿಗೆ ಹಾರ್ಫ್‌ಬಜ್ ಹಚ್ಚಿರಲಿಲ್ಲ, ಹಚ್ಚಿದ ಮೇಲೆ ಆಫೀಸಿನ ಕಂಪ್ಯೂಟರ್‌ನಲ್ಲಿ ‘ಖರ್ಚು’ ಸಿಕ್ಕಿತು.

ಸಂಘದ ಗುಮಾಸ್ತರು ಕೌಂಟರ್‌ನಲ್ಲಿ ಕೂತು, ಎದುರಿಗೆ ಪಿಗ್ಮಿ ಏಜೆಂಟರು ನಿಂತಿರುವಾಗ, ಒಂದು ಪದ ಹೊಡೆದು ಉತ್ತರ ಹುಡುಕುತ್ತಾರೆ. ಮುನ್ನೂರು ಪುಟ ತಿರುವಿ ನೋಡುವಷ್ಟು ಹೊತ್ತು ಅವರಿಗಿಲ್ಲ. ಕಣ್ಣಿಗೆ ಚೆಂದ ಕಾಣುವುದು ಅರ್ಧ ಕೆಲಸ ಅಷ್ಟೇ ಅಂತ ಆ ಫೋನ್ ಆದ ಮೇಲೆ ನಮ್ಮ ತಂಡದಲ್ಲಿ ಎಲ್ಲರೂ ಒಪ್ಪಿದರು.

ಹುಡುಕಾಟ ಅಂತ ಹೊರಟ ಮೇಲೆ ಇನ್ನೆರಡು ಸಿಕ್ಕವು. ಮೊದಲನೆಯದು ಸೊನ್ನೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದ ಕೆಲವು ಪುಟಗಳಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಇತ್ತು. ‘ಸಂಘ’ ಮತ್ತು ‘ಸ೦ಘ’ ನೋಡಲು ಒಂದೇ ಥರ, ಒಳಗೆ ಬೇರೆ ಬೇರೆ. ಎರಡು ಅಕ್ಷರಗಳ ನಡುವೆ ಸೊನ್ನೆ ಅಂಕಿ ಬಂದರೆ ಅನುಸ್ವಾರ ಮಾಡು ಅನ್ನುವ ನಿಯಮ ಹಾಕಿದೆವು. ಎರಡನೆಯದು ಓಕಾರ. ‘ಲೋ’ದಲ್ಲಿರುವ ಕಾಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರಾಗಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ. ಆದರೆ ಸಾಮಾನ್ಯ ಹುಡುಕಾಟಕ್ಕೆ ಅದು ತಿಳಿಯದು. ನಮ್ಮ ಡಿಸೈನರ್ ಹಳೆಯ ಮ್ಯಾಕ್‌ನಿಂದ ಕಳಿಸಿದ ಚಿತ್ರಗಳ ಹೆಸರುಗಳು ಬಿಡಿಸಿದ ರೂಪದಲ್ಲಿದ್ದು, ಲಿನಕ್ಸ್ ಸರ್ವರ್‌ನಲ್ಲಿ ಚಿತ್ರಗಳೇ ಕಾಣಿಸಲಿಲ್ಲ. ಈಗ ಪಠ್ಯವನ್ನೆಲ್ಲ ಮೊದಲೇ ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತರುತ್ತೇವೆ. ಚಿತ್ರಗಳಿಗೆ ಇಂಗ್ಲಿಷ್ ಹೆಸರು.

ಬಿಲ್ಡ್‌ನಲ್ಲಿ ಈಗ ಒಂದು ಪರೀಕ್ಷಾ ಪುಟ ಇದೆ. ಖರ್ಚು, ವಾರ್ಷಿಕ, ಸ್ಕ್ರಿಪ್ಟ್, ಸಾಫ್ಟ್‌ವೇರ್, ರ‍್ಯಾಮ್, ಸಂಘ, ಲೋನ್, ಠೇವಣಿದಾರರು. ಪ್ರತಿ ಸಲ ಈ ಪುಟದಿಂದ ಪಿಡಿಎಫ್ ಮಾಡಿ, ಅದರಿಂದ ಪಠ್ಯ ವಾಪಸ್ ತೆಗೆದು, ಮೂಲದ ಜೊತೆ ಹೋಲಿಸುತ್ತೇವೆ. ಮರಾಠಿಗೂ ಅಂಥದ್ದೇ ಪುಟ ಆ ಹುಡುಗ ಮಾಡಿಕೊಂಡಿದ್ದಾನೆ.

ಮೊಬೈಲ್‌ನದು ಇನ್ನೂ ಬಾಕಿ ಇದೆ. ಆ್ಯಕ್ಚುಯಲ್ ಟೆಕ್ಸ್ಟ್ ಇದ್ದರೂ ಅದನ್ನು ಗಣನೆಗೆ ತೆಗೆದುಕೊಳ್ಳದ ಪಿಡಿಎಫ್ ಆ್ಯಪ್‌ಗಳಿವೆ. ಚಿಕ್ಕೋಡಿಯವರ ಫೋನಿನಲ್ಲಿ ‘ಖರ್ಚು’ ಇವತ್ತಿಗೂ ಸಿಗುವುದಿಲ್ಲ. ಅದಕ್ಕೇ ಸಂಘಗಳಿಗೆ ಮೊದಲು ಬ್ರೌಸರ್‌ನ ಸಹಾಯ ಪುಟ ಕೊಡುತ್ತಿದ್ದೇವೆ, ಪಿಡಿಎಫ್ ಪ್ರಿಂಟ್ ಹಾಕುವವರಿಗೆ ಮಾತ್ರ. ನೆಟ್ ಇಲ್ಲದ ಶಾಖೆಗಳಿಗಾಗಿ ಆ ಪುಟಗಳನ್ನೇ ಸಾಫ್ಟ್‌ವೇರ್ ಒಳಗೆ ಇಟ್ಟು ಕಳಿಸುವ ಕೆಲಸ ಈಗ ನಡೆದಿದೆ.